ಮನೆ ಬಾಗಿಲ ತನಕ ಎಂದು ಹಣ ಪಡೆದು, ಬಂದರಿನಲ್ಲೇ ತಡೆದಿಟ್ಟ ತೊಟ್ಟಿಲಿನ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಅಂತರರಾಷ್ಟ್ರೀಯ ಸರಕು ಸಾಗಣೆ ಕಂಪನಿ,
ಹುಬ್ಬಳ್ಳಿ ಶಾಖೆ

ವಿಷಯ: ಧಾರವಾಡದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಹಡಗಿನಲ್ಲಿ ಕಳಿಸಿದ ಮರದ ತೊಟ್ಟಿಲಿಗೆ ಒಪ್ಪಂದ ಮೀರಿ ವಸೂಲಿ ಮಾಡಿದ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಿಮ್ಮ ಮೂಲಕ ನಾವು ಕಳಿಸಿದ್ದು ಒಂದು ಕಲಘಟಗಿ ತೊಟ್ಟಿಲು. ಸಾಗುವಾನಿ ಮರದ್ದು. ನಾಲ್ಕೂ ಬದಿಗೆ ಚಿತ್ರಗಾರರು ಕೈಯಿಂದ ಬರೆದ ಚಿತ್ರಗಳಿವೆ. ನಮ್ಮ ಮನೆಯ ಮೂರು ತಲೆಮಾರಿನ ಮಕ್ಕಳು ಅದರಲ್ಲಿ ಮಲಗಿ ಬೆಳೆದಿದ್ದಾರೆ. ಲೀಡ್ಸ್‌ನಲ್ಲಿರುವ ಮಗಳಿಗೆ ಹೆರಿಗೆ ಹತ್ತಿರ ಬಂದಿತ್ತು. ಮೊಮ್ಮಗು ಅದೇ ತೊಟ್ಟಿಲಲ್ಲಿ ಮಲಗಲಿ ಎಂಬ ಆಸೆಯಿಂದ ಕಳಿಸಿದೆವು. ಅಂಗಡಿಯಲ್ಲಿ ಹೊಸದು ಸಿಗುವುದಿಲ್ಲವೇ ಎಂದು ನಿಮ್ಮ ಸಿಬ್ಬಂದಿಯೊಬ್ಬರು ಫೋನಿನಲ್ಲಿ ಕೇಳಿದರು. ಸಿಗುತ್ತದೆ. ಆದರೆ ಇದು ಸಿಗುವುದಿಲ್ಲ.

ಬುಕಿಂಗ್‌ಗೆ ಮೊದಲು ನಾನು ಸಾಕಷ್ಟು ವಿಚಾರಿಸಿದ್ದೆ. ತೊಟ್ಟಿಲು, ಸ್ಟ್ಯಾಂಡು, ಹಿತ್ತಾಳೆ ಸರಪಳಿ ಎಲ್ಲಾ ಸೇರಿ ತೂಕ 70 ಕಿಲೋ ಆಸುಪಾಸು. ಆದರೆ ವಿಮಾನದಲ್ಲಿ ಇಂಥ ಸಾಮಾನಿಗೆ ತೂಕ ನೋಡಿ ದರ ಹಾಕುವುದಿಲ್ಲ, ಅದು ಹಿಡಿಯುವ ಜಾಗ ನೋಡಿ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ನಮ್ಮ ಸಾಮಾನು 165 ಕಿಲೋ ಆಗುತ್ತದೆ. ಕೊರಿಯರ್‌ನವರು 5000ದಿಂದ ಭಾಗಿಸುತ್ತಾರೆ, ಅಲ್ಲಿ 198 ಕಿಲೋ. ನಮ್ಮಂಥವರ ಕೈಗೆಟುಕುವ ಮಾತಲ್ಲ ಅದು. ಹಾಗಾಗಿ ಹಡಗು. ಅದರಲ್ಲೂ ಪೂರ್ತಿ ಕಂಟೇನರ್ ಬೇಡ, ಹಲವರ ಸಾಮಾನಿನ ಜೊತೆ ಒಂದೇ ಕಂಟೇನರಿನಲ್ಲಿ ಹೋಗುವ ಎಲ್‌ಸಿಎಲ್ ಸಾಕು ಎಂದು ನೀವೇ ಸಲಹೆ ಕೊಟ್ಟಿರಿ. ಒಳ್ಳೆಯ ಸಲಹೆಯೇ. ಎಲ್‌ಸಿಎಲ್‌ನಲ್ಲಿ ಘನ ಮೀಟರ್ ಲೆಕ್ಕ, ಅಂದರೆ ಸಿಬಿಎಂ ಲೆಕ್ಕ. ಎಷ್ಟು ಜಾಗ ಹಿಡಿಯುತ್ತದೋ ಅಷ್ಟಕ್ಕೆ ದುಡ್ಡು. ಸಾಮಾನು ಚಿಕ್ಕದಿದ್ದರೂ ಕನಿಷ್ಠ 1 ಸಿಬಿಎಂ ದರ ಕೊಡಲೇಬೇಕು ಎಂದಿರಿ, ಒಪ್ಪಿದೆ.

ಆ 1 ಸಿಬಿಎಂ ಒಳಗೆ ಕೂರಿಸಲೆಂದೇ ಬಡಗಿಯನ್ನು ಕರೆಸಿ ಸ್ಟ್ಯಾಂಡಿನ ಕಾಲು, ಅಡ್ಡಪಟ್ಟಿ, ತೊಟ್ಟಿಲಿನ ಬದಿಗಳು ಎಲ್ಲವನ್ನೂ ಬಿಚ್ಚಿಸಿದೆ. ಒಂದೊಂದು ಹಲಗೆಗೂ ಹಳೆಯ ಹತ್ತಿ ಸೀರೆ ಸುತ್ತಿ, ಒಂದರ ಮೇಲೊಂದು ಮಲಗಿಸಿ ಕಟ್ಟಿದೆವು. ನಿಮ್ಮ ಸಿಬ್ಬಂದಿ ನಮ್ಮ ಮನೆಗೆ ಬಂದು, ಟೇಪು ಹಿಡಿದು, ಮುಂದೆ ಮಾಡಿಸುವ ಹೊರಗಿನ ಪೆಟ್ಟಿಗೆಯನ್ನೂ ಸೇರಿಸಿ ಅಳತೆ ಬರೆದುಕೊಂಡರು: 155, 85, 75 ಸೆಂಟಿಮೀಟರ್. ಗುಣಿಸಿದರೆ 0.99 ಸಿಬಿಎಂ. ಅದೇ ಅಳತೆಯ ಮೇಲೆ ₹46,000 ಕೊಟೇಷನ್ ಬಂತು. ಅದರಲ್ಲಿ ಡೋರ್ ಟು ಡೋರ್ ಎಂದಿದೆ. ಎರಡೂ ಕಡೆಯ ಕಸ್ಟಮ್ಸ್ ಕ್ಲಿಯರೆನ್ಸ್ ಸೇರಿದೆ ಎಂದಿದೆ. ನಾನು ಮತ್ತೆ ವಾಟ್ಸ್‌ಆಪ್‌ನಲ್ಲಿ ಕೇಳಿದ್ದಕ್ಕೆ ಬಂದ ಉತ್ತರ ಇದು: "ಮನಿ ಮುಟ್ಟೋ ತನಕ ಎಲ್ಲಾ ಸೇರೇತ್ರಿ ಸರ್, ಟ್ಯಾಕ್ಸ್ ಅಷ್ಟ ಬ್ಯಾರೆ." ಆ ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ. ಆ ಮಾತು ನಂಬಿಯೇ ಪೂರ್ತಿ ಹಣ ಮುಂಗಡ ಕಟ್ಟಿದೆ.

ಸಾಮಾನು ನಮ್ಮ ಮನೆ ಬಿಟ್ಟು, ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಿಂದ ಹಡಗು ಹೊರಟ ಮೇಲೆ ಇನ್ನೊಂದು ಬಿಲ್ ಬಂತು. ಸಾಮಾನು 2.02 ಸಿಬಿಎಂ ಆಗಿದೆ, ₹21,000 ಜಾಸ್ತಿ ಕಟ್ಟಿ, ಇಲ್ಲದಿದ್ದರೆ ಬಿಲ್ ಆಫ್ ಲೇಡಿಂಗ್, ಅಂದರೆ ಸಾಮಾನು ಹಡಗಿಗೆ ಹಾಕಿದ್ದರ ದಾಖಲೆ, ಕೊಡುವುದಿಲ್ಲ ಎಂದಿರಿ. ಆ ಕಾಗದವಿಲ್ಲದೆ ಸಾಮಾನು ಬಿಡಿಸಿಕೊಳ್ಳಲು ಆಗುವುದಿಲ್ಲ. ಹಡಗು ಆಗಲೇ ಸಮುದ್ರದಲ್ಲಿತ್ತು. ಕಟ್ಟದೆ ಬೇರೆ ದಾರಿಯೇ ಇರಲಿಲ್ಲ. ಆದರೆ ಈ ಹಣಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದು ಆ ದಿನವೇ ಇಮೇಲ್ ಬರೆದಿದ್ದೇನೆ.

ಒಂದು ಸಿಬಿಎಂ ಎರಡಾಗಿದ್ದು ಹೇಗೆ ಎಂದು ಗೊತ್ತಾಗಿದ್ದು ಮಗಳು ಪೆಟ್ಟಿಗೆ ತೆರೆದಾಗ. ಅವಳು ಕಳಿಸಿದ ಫೋಟೋಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ದಯವಿಟ್ಟು ಸರಿಯಾಗಿ ನೋಡಿ. ನಮ್ಮ ಅಳತೆಗೆ ಪೆಟ್ಟಿಗೆ ಮಾಡಿಸುವ ಬದಲು ನಿಮ್ಮ ಗೋದಾಮಿನವರು ಬೇರೆ ಯಾವುದೋ ಸಾಮಾನಿಗೆ ಬಳಸಿದ್ದ ದೊಡ್ಡ ಪೆಟ್ಟಿಗೆಗೆ ತುಂಬಿದ್ದಾರೆ. ಅದರ ಅಳತೆ 160, 110, 115. ಪಕ್ಕದಲ್ಲಿ ಹಳೆಯ ಲೇಬಲಿನ ಹರಿದ ತುಂಡು ಇನ್ನೂ ಅಂಟಿಕೊಂಡಿದೆ. ನಮ್ಮ ಕಟ್ಟು ಅದರಲ್ಲಿ ಅರ್ಧದಷ್ಟೂ ತುಂಬಿಲ್ಲ. ಉಳಿದ ಜಾಗಕ್ಕೆ ಥರ್ಮಾಕೋಲ್ ಮತ್ತು ಬಬಲ್ ಶೀಟ್ ತುರುಕಿದ್ದಾರೆ. ಅಂದರೆ ₹21,000 ಕೊಟ್ಟು ನಾವು ಇಂಗ್ಲೆಂಡಿಗೆ ಕಳಿಸಿದ್ದು ಥರ್ಮಾಕೋಲ್ ಮತ್ತು ಖಾಲಿ ಜಾಗ. ಪೆಟ್ಟಿಗೆ ಆಯ್ಕೆ ಮಾಡಿದ್ದು ನೀವು, ತುಂಬಿದ್ದು ನೀವು, ಅಳೆದದ್ದೂ ನೀವೇ. ಅದರ ಖರ್ಚು ಗ್ರಾಹಕರ ಮೇಲೆ ಯಾಕೆ?

ಅಷ್ಟು ಸಡಿಲವಾಗಿ ತುಂಬಿದ್ದರಿಂದ ಕಟ್ಟು ದಾರಿಯುದ್ದಕ್ಕೂ ಒಳಗೇ ಅಲ್ಲಾಡಿದೆ. ಸ್ಟ್ಯಾಂಡಿನ ಬೋಲ್ಟು ಸೀರೆ ಹರಿದುಕೊಂಡು ಒಂದು ಹಲಗೆಗೆ ಉಜ್ಜಿದೆ. ಬೆಣ್ಣೆ ಗಡಿಗೆಗೆ ಕೈ ಹಾಕಿದ ಕೃಷ್ಣನ ಚಿತ್ರವಿರುವ ಹಲಗೆ ಅದು. ಮೊಣಕೈ ಹತ್ತಿರ ಅಂಗೈ ಅಗಲ ಬಣ್ಣ ಎದ್ದು ಒಳಗಿನ ಮರ ಕಾಣುತ್ತಿದೆ. ನನ್ನ ತಾಯಿ ಮಕ್ಕಳಿಗೆ ಅದನ್ನೇ ತೋರಿಸಿ ಹಾಡು ಹೇಳುತ್ತಿದ್ದರು. ಇದನ್ನು ಸರಿಮಾಡುವ ಕೈ ಲೀಡ್ಸ್‌ನಲ್ಲಿ ಎಲ್ಲಿ ಸಿಗಬೇಕು?

ಬಿಲ್ಲಿನಲ್ಲಿ ₹4,800 ಫ್ಯೂಮಿಗೇಷನ್, ಅಂದರೆ ಹುಳ ಸಾಯಲು ಅನಿಲ ಹಾಯಿಸಿದ್ದು, ಎಂದು ಬೇರೆ ಇದೆ. ಹೊರದೇಶಕ್ಕೆ ಹೋಗುವ ಮರದ ಪೆಟ್ಟಿಗೆಯಲ್ಲಿ ಹುಳ ಇರಬಾರದು, ಅದಕ್ಕೆ ಐಎಸ್‌ಪಿಎಂ 15 ಎಂಬ ನಿಯಮವಿದೆ. ಸರಿ. ಆದರೆ ಆ ನಿಯಮದಲ್ಲಿ ಮರವನ್ನು ಒಳತನಕ 56 ಡಿಗ್ರಿಗೆ 30 ನಿಮಿಷ ಕಾಯಿಸಿದ್ದರೂ ಸಾಕು. ಫೋಟೋದಲ್ಲಿ ಪೆಟ್ಟಿಗೆಯ ಮೇಲೆ ತೆನೆಯ ಗುರುತಿನ ಮುದ್ರೆ ಇದೆ, ಪಕ್ಕದಲ್ಲಿ ಎಚ್‌ಟಿ ಎಂದಿದೆ. ಅದು ಮೊದಲೇ ಕಾಯಿಸಿದ ಮರ ಎಂಬುದರ ಗುರುತು. ಹಾಗಿದ್ದ ಮೇಲೆ ಮತ್ತೆ ಫ್ಯೂಮಿಗೇಷನ್ ಯಾಕೆ ಬೇಕಾಯಿತು? ನಿಜವಾಗಿ ಮಾಡಿಸಿದ್ದರೆ ಅದರ ಸರ್ಟಿಫಿಕೇಟ್ ಕಳಿಸಿ. ಕೇಳಿದಾಗೆಲ್ಲ ನಾಳೆ ಎನ್ನುತ್ತಿದ್ದೀರಿ.

ಇದೆಲ್ಲಕ್ಕಿಂತ ದೊಡ್ಡ ವಿಷಯ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಬಂದರಿನಲ್ಲಿ ಆದದ್ದು. ಸಾಮಾನು ಅಲ್ಲಿಗೆ ಮುಟ್ಟಿದ ಮೇಲೆ ನಿಮ್ಮ ಅಲ್ಲಿಯ ಏಜೆಂಟರು ನನ್ನ ಮಗಳಿಗೆ ಬಿಲ್ ಕಳಿಸಿದರು. ಬಂದರಿನ ಹ್ಯಾಂಡ್ಲಿಂಗ್ ಮತ್ತು ಕಂಟೇನರಿನಿಂದ ಸಾಮಾನು ಬೇರೆ ಮಾಡಿದ್ದಕ್ಕೆ 148 ಪೌಂಡ್. ಸಾಮಾನು ಬಿಡಲು ಕೊಡುವ ಚೀಟಿ, ಅಂದರೆ ಡೆಲಿವರಿ ಆರ್ಡರ್‌ಗೆ 65. ಕಸ್ಟಮ್ಸ್ ಕ್ಲಿಯರೆನ್ಸ್‌ಗೆ 75. ಡೋರ್ ಟು ಡೋರ್ ಎಂದು ಬರೆದುಕೊಟ್ಟ ಕೊಟೇಷನ್ ತೋರಿಸಿದರೆ, ಅದು ಇಂಡಿಯಾ ಆಫೀಸಿನ ವ್ಯವಹಾರ, ನಮಗೆ ಸಂಬಂಧವಿಲ್ಲ ಎಂದರು. ಇಲ್ಲಿ ನಿಮ್ಮನ್ನು ಕೇಳಿದರೆ, ಅದು ಅಲ್ಲಿಯ ಏಜೆಂಟರ ಚಾರ್ಜು ಎಂದಿರಿ. ಹೀಗೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಿರುವಾಗ ಗೋದಾಮಿನ ಬಾಡಿಗೆ ಏರುತ್ತಾ ಹೋಯಿತು. ಅದಕ್ಕೆ ಇನ್ನೂ 92 ಪೌಂಡ್. ಹಸಿ ಬಾಣಂತಿ ಫೋನ್ ಹಿಡಿದುಕೊಂಡು ನಿಮ್ಮ ಏಜೆಂಟರ ಜೊತೆ ವಾದ ಮಾಡಬೇಕಾಯಿತು. ಕೊನೆಗೆ ಅಳಿಯ 380 ಪೌಂಡ್ ಪೂರ್ತಿ ಕಟ್ಟಿದ ಮೇಲೆಯೇ ಸಾಮಾನು ಬಿಟ್ಟರು. ಮಗುವಿಗೆ ಹೆಸರಿಡುವ ದಿನ ತೊಟ್ಟಿಲು ಇನ್ನೂ ಗೋದಾಮಿನಲ್ಲೇ ಇತ್ತು.

ನಾನು ಎಲ್ಲದಕ್ಕೂ ತಕರಾರು ತೆಗೆಯುತ್ತಿಲ್ಲ. ಇಂಗ್ಲೆಂಡಿನ 20% ವ್ಯಾಟ್ ಸರ್ಕಾರದ ತೆರಿಗೆ, ಅದು ಬೇರೆ ಎಂದು ನೀವು ಮೊದಲೇ ಹೇಳಿದ್ದಿರಿ, ಮಗಳು ಕಟ್ಟಿದ್ದಾಳೆ. ಹಡಗು ತಡವಾಗಿದ್ದಕ್ಕೂ ನಿಮ್ಮನ್ನು ದೂರುವುದಿಲ್ಲ. ಕೆಂಪು ಸಮುದ್ರದ ದಾಳಿಗಳು ಶುರುವಾದ 2023ರ ಕೊನೆಯಿಂದ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗಬೇಕಾಗಿ ಬಂತು, ಅದು ಯಾರ ಕೈಯಲ್ಲೂ ಇರಲಿಲ್ಲ. ನನ್ನ ದೂರು ಇರುವುದು ನಿಮ್ಮ ಕೈಯಲ್ಲಿದ್ದ ವಿಷಯಗಳ ಬಗ್ಗೆ ಮಾತ್ರ.

ಈಗ ಈ ವ್ಯವಹಾರ ತಿಳಿದವರ ಹತ್ತಿರ ಮಾತಾಡಿದ್ದೇನೆ. ಎಲ್‌ಸಿಎಲ್‌ನಲ್ಲಿ ಇಲ್ಲಿ ಹಡಗಿನ ದರ ಕಡಿಮೆ ತೋರಿಸಿ, ಆ ಕಡೆಯ ಬಂದರಿನಲ್ಲಿ ಚಾರ್ಜು ಹಾಕಿ ತುಂಬಿಸಿಕೊಳ್ಳುವುದು ಹಲವು ಕಡೆ ನಡೆದು ಬಂದಿದೆಯಂತೆ. ಸಾಮಾನು ಇಳಿಸಿಕೊಳ್ಳುವವರಿಗೆ ದರ ಮಾತಾಡುವ ಅವಕಾಶವೇ ಇರುವುದಿಲ್ಲ. ಸಾಮಾನು ಅವರ ಕೈಯಲ್ಲಿ, ಬಾಡಿಗೆ ದಿನ ದಿನ ಏರುತ್ತದೆ, ಕೇಳಿದಷ್ಟು ಕೊಡಲೇಬೇಕು. ನನಗೆ ಬೇರೆ ಎರಡು ಕಡೆ ₹60,000ಕ್ಕೂ ಮೇಲೆ ಕೊಟೇಷನ್ ಬಂದಿತ್ತು, ಅಲ್ಲಿಯ ಚಾರ್ಜುಗಳನ್ನು ಒಂದೊಂದಾಗಿ ಬರೆದೇ ಕೊಟ್ಟಿದ್ದರು. ನಿಮ್ಮದು ಅಗ್ಗ ಎಂದು ನಿಮಗೆ ಕೊಟ್ಟೆ. ಎಲ್ಲಾ ಕೂಡಿಸಿದರೆ ಈಗ ಅವರಿಬ್ಬರಿಗಿಂತಲೂ ನಿಮ್ಮದೇ ಜಾಸ್ತಿಯಾಗಿದೆ. ಮೊದಲೇ ಪೂರ್ತಿ ಲೆಕ್ಕ ಹೇಳಿದ್ದರೆ ನಾನು ಬೇರೆ ಕಡೆ ಹೋಗುತ್ತಿದ್ದೆ. ಅಥವಾ ದುಡ್ಡು ಹೊಂದಿಸಿಕೊಂಡು ನಿಮಗೇ ಕೊಡುತ್ತಿದ್ದೆನೋ ಏನೋ. ಆ ತೀರ್ಮಾನ ಮಾಡುವ ಹಕ್ಕು ನನಗಿತ್ತು. ಅದನ್ನು ನೀವು ಕಿತ್ತುಕೊಂಡಿರಿ.

ಆದ್ದರಿಂದ ಜಾಸ್ತಿ ವಸೂಲಿ ಮಾಡಿದ ₹21,000 ವಾಪಸ್ ಕೊಡಿ. ಫ್ಯೂಮಿಗೇಷನ್ ಸರ್ಟಿಫಿಕೇಟ್ ತೋರಿಸಿ, ಇಲ್ಲದಿದ್ದರೆ ಆ ₹4,800 ಸಹ ಕೊಡಿ. ಅಳಿಯ ಕಟ್ಟಿದ 380 ಪೌಂಡ್ ಅವರ ಖಾತೆಗೇ ಹಾಕಿ. ಸಾಮಾನಿಗೆ ವಿಮೆ ಮಾಡಿಸಿದ್ದೇವೆ ಎಂದು ನನ್ನಿಂದ ಹಣ ಪಡೆದಿದ್ದೀರಿ, ಪಾಲಿಸಿಯ ಪ್ರತಿ ಮಾತ್ರ ಇನ್ನೂ ಕೊಟ್ಟಿಲ್ಲ. ಅದನ್ನು ಕೂಡಲೇ ಕಳಿಸಿ, ಬಣ್ಣ ಹೋದ ಹಲಗೆಯ ಕ್ಲೇಮ್ ನೀವೇ ಮುಂದೆ ನಿಂತು ಮಾಡಿಸಿಕೊಡಿ. ಹಲಗೆಗೆ ಏಟಾಗಿದೆ ಎಂದು ಪೆಟ್ಟಿಗೆ ತೆರೆದ ದಿನವೇ ಮಗಳು ಇಮೇಲ್ ಮಾಡಿದ್ದಾಳೆ, ತಡವಾಯಿತು ಎಂಬ ನೆಪ ಬೇಡ.

ಇನ್ನೊಂದು ಮಾತು. ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಬೇಕಾದಷ್ಟಿವೆ. ತೊಟ್ಟಿಲು, ಉಯ್ಯಾಲೆ, ದೇವರ ಮಂಟಪ ಎಂದು ಪಿಂಚಣಿ ದುಡ್ಡಿನಲ್ಲೇ ಕಳಿಸುತ್ತಾರೆ. ಅವರಿಗೆ ಕೊಡುವ ಕೊಟೇಷನ್ನಿನಲ್ಲಿ ಆ ಕಡೆಯ ಬಂದರಿನ ಚಾರ್ಜು ಎಷ್ಟು, ಯಾರು ಕಟ್ಟಬೇಕು, ಪೆಟ್ಟಿಗೆಯ ಕೊನೆಯ ಅಳತೆ ಎಷ್ಟು ಎಂಬುದನ್ನು ಕನ್ನಡದಲ್ಲೇ ಬರೆದುಕೊಡಿ. ಪೆಟ್ಟಿಗೆ ಮುಚ್ಚುವ ಮೊದಲು ಟೇಪು ಇಟ್ಟು ಒಂದು ಫೋಟೋ ಕಳಿಸಿ, ಅವರು ಒಪ್ಪಿದ ಮೇಲೆಯೇ ಹಡಗಿಗೆ ಹಾಕಿ. ಇದು ನಿಮಗೆ ಕಷ್ಟದ ಕೆಲಸವೇನಲ್ಲ.

ಈ ಪತ್ರ ಕೈಸೇರಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಧಾರವಾಡ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ರಸೀದಿಯ ಹಿಂದೆ ವ್ಯಾಜ್ಯವೇನಿದ್ದರೂ ಮುಂಬೈಯಲ್ಲೇ ಎಂದು ಅಚ್ಚು ಹಾಕಿದ್ದೀರಿ. ಆದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಕೊಟೇಷನ್, ಎರಡೂ ಬಿಲ್ಲುಗಳು, ವಾಟ್ಸ್‌ಆಪ್ ಮೆಸೇಜಿನ ಪ್ರತಿ, ಮನೆಯಲ್ಲಿ ತೆಗೆದ ಅಳತೆಯ ಚೀಟಿ, ಏಜೆಂಟರ ರಸೀದಿ ಮತ್ತು ಪೆಟ್ಟಿಗೆಯ ಫೋಟೋಗಳನ್ನು ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕ,
ಧಾರವಾಡ