ಹಿತ್ತಲಿನವರಿಗೂ ಬಿತ್ತನೆ ಬೀಜ ಸಿಗಲಿ

ಮಾನ್ಯ ಸಂಪಾದಕರೇ,

ಕೈತೋಟದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಲೇಖನಗಳನ್ನು ತಪ್ಪದೆ ಓದುವವಳು ನಾನು. ಮಣ್ಣು ಹದ ಮಾಡುವುದು, ಬೇವಿನ ಹಿಂಡಿ ಹಾಕುವುದು, ತಾರಸಿಯ ಮೇಲೆ ಚೀಲದಲ್ಲಿ ಟೊಮೆಟೊ ಬೆಳೆಯುವುದು, ಎಲ್ಲವನ್ನೂ ಚೆನ್ನಾಗಿ ವಿವರಿಸುತ್ತಾರೆ. ಬೀಜದ ಮಾತು ಬಂದಾಗ ಮಾತ್ರ 'ಉತ್ತಮ ಬೀಜ ಬಿತ್ತಿ' ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಆ ಉತ್ತಮ ಬೀಜ ಸಿಗುವುದೆಲ್ಲಿ ಎಂಬುದೇ ಈಗ ನಮ್ಮಂಥವರ ದೊಡ್ಡ ಕಷ್ಟ. ಅದಕ್ಕಾಗಿ ಈ ಪತ್ರ.

ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಬಚ್ಚಲ ನೀರು ಹರಿದುಹೋಗುವ ಜಾಗದಿಂದ ಅಡಿಕೆ ತೋಟದ ಅಗಳದವರೆಗೆ ನಮ್ಮ ಹಿತ್ತಲು. ತೇವ ಇರುವಲ್ಲಿ ಬಸಳೆ ಚಪ್ಪರ, ಕೆಸು. ಬಿಸಿಲು ಬೀಳುವಲ್ಲಿ ಬೆಂಡೆ, ಬದನೆ, ಹರಿವೆ, ಅಲಸಂದೆ. ಬೇಲಿಗೆ ತೊಂಡೆ, ಹೀರೆ, ಹಾಗಲ. ಮಳೆಗಾಲಕ್ಕೆ ಏರು ಮಡಿ ಮಾಡಿ ಸೌತೆ, ಮೊಗೆಕಾಯಿ (ಸಾಂಬಾರು ಸೌತೆ) ಹಾಕುತ್ತೇವೆ. ಮಡಿ ಎತ್ತರ ಇಲ್ಲದಿದ್ದರೆ ನಮ್ಮ ಕಡೆಯ ಆರಿದ್ರಾ, ಪುನರ್ವಸು ಮಳೆಗೆ ಬುಡ ಕೊಳೆತು ಹೋಗುತ್ತದೆ. ಮೆಣಸು, ಟೊಮೆಟೊ ಏನಿದ್ದರೂ ದಸರಾ ಕಳೆದ ಮೇಲೆಯೇ. ಕೊಟ್ಟಿಗೆ ಗೊಬ್ಬರ, ಸುಡುಮಣ್ಣು, ಒಲೆಯ ಬೂದಿ ಬಿಟ್ಟು ಬೇರೆ ಏನನ್ನೂ ಹಾಕುವುದಿಲ್ಲ.

ಇದರಿಂದ ಸಿಗುವ ಸುಖ ದೊಡ್ಡದು. ಬೆಳಿಗ್ಗೆ ಹಿತ್ತಲಿಗೆ ಒಂದು ಸುತ್ತು ಹಾಕಿ ಬಂದರೆ ಮಧ್ಯಾಹ್ನದ ಅಡುಗೆ ತೀರ್ಮಾನವಾಗಿರುತ್ತದೆ. ಹೀರೆಕಾಯಿ ಪಲ್ಯಕ್ಕೆ, ಅದರ ಸಿಪ್ಪೆ ಚಟ್ನಿಗೆ. ಇನ್ನೊಂದು ಸಂಗತಿ ಹೇಳಲೇಬೇಕು. ಸಿಹಿಗುಂಬಳದ ಹೂವು ನಸುಕಿಗೆ ಅರಳಿ, ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಜಡಿಮಳೆ ಹಿಡಿದ ದಿನಗಳಲ್ಲಿ ಜೇನು ಗೂಡು ಬಿಟ್ಟು ಬರುವುದಿಲ್ಲ. ಆಗ ಹೆಣ್ಣು ಹೂವಿನ ಬುಡದಲ್ಲಿರುವ ಗೋಲಿಯಷ್ಟು ಗಾತ್ರದ ಮಿಡಿ ಹಳದಿ ತಿರುಗಿ ಉದುರುತ್ತದೆ. ಹಾಗಾಗಿ ಕೊಡೆ ಹಿಡಿದು ಹೋಗಿ, ಉದ್ದ ತೊಟ್ಟಿನ ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಒಳಗಿನ ಪರಾಗವನ್ನು ಹೆಣ್ಣು ಹೂವಿಗೆ ಮೆತ್ತಗೆ ಒತ್ತಿ ಬರುತ್ತೇನೆ. ಎರಡು ಮೂರು ದಿನದಲ್ಲಿ ಮಿಡಿ ಹಸಿರಾಗಿಯೇ ಇದ್ದು ಮೈದುಂಬಿಕೊಂಡರೆ ಕಾಯಿ ಕಚ್ಚಿತು ಎಂದು ಅರ್ಥ. ಆ ಹೊತ್ತಿನ ಸಂತೋಷವನ್ನು ಪೇಟೆಯ ಯಾವ ತರಕಾರಿಯೂ ಕೊಡಲಾರದು. ಸೋರೆಯದು ಬೇರೆ ರೀತಿ. ಅದರ ಬಿಳಿ ಹೂವು ಸಂಜೆಗೆ ಅರಳುತ್ತದೆ, ಕತ್ತಲಾಗುತ್ತಲೇ ಪತಂಗಗಳು ಬರುತ್ತವೆ.

ಕಷ್ಟಗಳೂ ಇವೆ. ಮಂಗಗಳ ಹಾವಳಿ ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಾಗಲಕ್ಕೆ, ಸೌತೆಗೆ ಹಣ್ಣುನೊಣ ಮೊಟ್ಟೆ ಇಡುತ್ತದೆ. ಮಿಡಿಯಿದ್ದಾಗಲೇ ಕಾಗದದ ಚೀಲ ಕಟ್ಟಿದರೆ ಕಾಯಿ ಉಳಿಯುತ್ತದೆ. ಬೆಂಡೆಗೆ ಬಿಳಿನೊಣದಿಂದ ಹಳದಿ ನರದ ನಂಜುರೋಗ ಬರುತ್ತದೆ. ಬಂದ ಗಿಡವನ್ನು ಕಿತ್ತುಹಾಕುವುದೊಂದೇ ದಾರಿ. ಇವನ್ನೆಲ್ಲ ಹೇಗಾದರೂ ಸಂಭಾಳಿಸಬಹುದು. ಬೀಜವೇ ಇಲ್ಲದಿದ್ದರೆ ಏನು ಮಾಡುವುದು?

ನಮ್ಮ ಅತ್ತೆಯವರ ಕಾಲದಲ್ಲಿ ಬೀಜ ಕೊಳ್ಳುವ ಮಾತೇ ಇರಲಿಲ್ಲ. ಬಳ್ಳಿಯಲ್ಲಿ ಮೊದಲು ಬಂದ ಚೆಂದದ ಕಾಯಿಗೆ ಬಟ್ಟೆಯ ಚೂರು ಕಟ್ಟಿ ಬೀಜಕ್ಕೆ ಬಿಡುತ್ತಿದ್ದರು. ಅದನ್ನು ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಸೌತೆ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯೊಂದಿಗೆ ಗೋಡೆಗೆ ತಟ್ಟುತ್ತಿದ್ದರು. ಬಳ್ಳಿಯಲ್ಲೇ ಒಣಗಿದ ಹೀರೆ, ಸೋರೆ ಇಡಿಯಾಗಿ ಒಲೆಯ ಮೇಲಿನ ಹೊಗೆಗೆ ತೂಗುತ್ತಿದ್ದವು. ಅಲಸಂದೆ ಬೂದಿ ತುಂಬಿದ ಮಡಕೆಯಲ್ಲಿ. ನಮ್ಮಲ್ಲಿ ಒಂದು ತಳಿ ಕೈತಪ್ಪಿದರೆ ಪಕ್ಕದ ಮನೆಯಲ್ಲಿ ಇರುತ್ತಿತ್ತು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಜೊತೆ ಬೀಜದ ಪೊಟ್ಟಣವೂ ಊರು ದಾಟುತ್ತಿತ್ತು.

ಈಗ ಸೌದೆ ಒಲೆ ಹೋಗಿ ಗ್ಯಾಸ್ ಬಂದಿದೆ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದಿದೆ. ಹೆಚ್ಚಿನ ಮನೆಗಳಲ್ಲಿ ಉಳಿದವರು ವಯಸ್ಸಾದ ಇಬ್ಬರೇ. ಒಂದು ವರ್ಷ ಮಂಗ ಬೀಜದ ಕಾಯಿಯನ್ನೇ ತಿಂದರೆ ಸಾಕು, ತಲೆಮಾರುಗಳಿಂದ ಬಂದ ತಳಿ ಅಲ್ಲಿಗೆ ಮುಗಿಯಿತು. ಕೇಳೋಣವೆಂದರೆ ಪಕ್ಕದ ಮನೆಯಲ್ಲಿಯೂ ಇಲ್ಲ.

ಹಾಗಾಗಿ ಪೇಟೆಯ ಅಂಗಡಿಗೆ ಹೋಗಬೇಕು. ಅಲ್ಲಿ ಬಣ್ಣದ ಪೊಟ್ಟಣಗಳಿಗೇನೂ ಬರವಿಲ್ಲ. ಒಡೆದರೆ ಔಷಧಿ ಲೇಪಿಸಿದ ಗುಲಾಬಿ ಬಣ್ಣದ ಬೀಜ. ಮೊಮ್ಮಕ್ಕಳ ಕೈಯಲ್ಲಿ ಬಿತ್ತಿಸಲು ಭಯ. ಪೊಟ್ಟಣದ ಅಳತೆಯೂ ಗದ್ದೆಯಲ್ಲಿ ಸಾಲು ಹಾಕುವವರ ಲೆಕ್ಕದ್ದು. ನನಗೆ ಬೇಕಾದದ್ದು ನಾಲ್ಕು ಬಳ್ಳಿಗೆ ಆಗುವಷ್ಟು. ಮಿಕ್ಕಿದ್ದನ್ನು ಇಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಮುಂದಿನ ವರ್ಷ ಮೊಳಕೆ ಸರಿಯಾಗಿ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚಿನವು ಹೈಬ್ರಿಡ್, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ. ಹೈಬ್ರಿಡ್ ಕಾಯಿಯ ಬೀಜ ತೆಗೆದು ಬಿತ್ತಿದರೆ ಮರುವರ್ಷ ತಾಯಿಯಂಥ ಗಿಡ ಬರುವುದಿಲ್ಲ. ಒಂದು ಬಳ್ಳಿಯಲ್ಲಿ ಗಿಡ್ಡ ಕಾಯಿ, ಇನ್ನೊಂದರಲ್ಲಿ ಉದ್ದ, ಮತ್ತೊಂದು ಹೂವಾಡಿ ಅಷ್ಟಕ್ಕೇ ನಿಲ್ಲುತ್ತದೆ. ಅಂದರೆ ಪ್ರತಿ ವರ್ಷ ಕೊಳ್ಳಲೇಬೇಕು.

ಹೈಬ್ರಿಡ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎಕರೆಗಟ್ಟಲೆ ಬೆಳೆದು ಮಾರುಕಟ್ಟೆಗೆ ಹಾಕುವವರಿಗೆ ಒಂದೇ ಅಳತೆಯ ಕಾಯಿ ಒಟ್ಟಿಗೇ ಬರಬೇಕು. ಮನೆಯವರಿಗೆ ಬೇಕಾದದ್ದು ಅದಲ್ಲ. ದಿನಕ್ಕೆ ಎರಡೇ ಕಾಯಿ ಬಂದರೂ ಮೂರು ತಿಂಗಳು ಬರುತ್ತಿರಬೇಕು, ಕೊನೆಗೆ ಬೀಜಕ್ಕೂ ಒಂದು ಉಳಿಯಬೇಕು. ಈ ಎರಡು ಅಗತ್ಯಗಳನ್ನು ಒಂದೇ ಪೊಟ್ಟಣದಲ್ಲಿ ಹಾಕಲು ಬರುವುದಿಲ್ಲ.

ನಮಗೆ ತಕ್ಕ ತಳಿಗಳು ಇಲ್ಲವೆಂದಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೀಜ ಉಳಿಸಿಕೊಳ್ಳಬಹುದಾದ ಒಳ್ಳೊಳ್ಳೆಯ ತಳಿಗಳನ್ನು ಕೊಟ್ಟಿದ್ದಾರೆ. ಅರ್ಕಾ ಅನಾಮಿಕಾ ಬೆಂಡೆಯನ್ನು ಹಳದಿ ನರದ ರೋಗ ತಡೆಯಲೆಂದೇ ಕಾಡು ಬೆಂಡೆಯ ಜೊತೆ ಸಂಕರ ಮಾಡಿ, ಹಲವು ಪೀಳಿಗೆ ಆರಿಸಿ ಸ್ಥಿರಗೊಳಿಸಿ ರೂಪಿಸಿದ್ದು. ಹಾಗಾಗಿ ಅದರ ಬೀಜವನ್ನು ಉಳಿಸಿಕೊಳ್ಳಬಹುದು. ಅರ್ಕಾ ಸುಗುಣ ಹರಿವೆಯನ್ನು ಮತ್ತೆ ಮತ್ತೆ ಕೊಯ್ಯಬಹುದು. ಅರ್ಕಾ ಕೋಮಲ್ ಬೀನ್ಸ್, ಅರ್ಕಾ ವಿಕಾಸ್ ಟೊಮೆಟೊ ಇವೆ. ಬೀನ್ಸ್, ಟೊಮೆಟೊ ಬಹುಮಟ್ಟಿಗೆ ತಮ್ಮ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಕೆಡುವ ಭಯವೂ ಕಡಿಮೆ. ಆನ್‌ಲೈನಿನಲ್ಲಿ ತರಿಸಬಹುದು ಎಂದು ಮಗ ಹೇಳುತ್ತಾನೆ. ಅವನು ಬೆಂಗಳೂರಿನಲ್ಲಿ ಕೂತು ತರಿಸಬಲ್ಲ. ನಮ್ಮೂರಿನಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಹೆಂಗಸರಿಗೆ ತಾಲೂಕಿನ ಪೇಟೆಯಲ್ಲೇ ಸಿಗಬೇಕು.

ಬೀಜ ಉಳಿಸಿಕೊಂಡವರ ಉದಾಹರಣೆಯೂ ನಮ್ಮ ಸುತ್ತಲೇ ಇದೆ. ಉಡುಪಿಯ ಮಟ್ಟು ಊರಿನವರು ತಮ್ಮ ಗುಳ್ಳ ಬದನೆಯ ಬೀಜವನ್ನು ತಾವೇ ಕಾಪಾಡಿಕೊಂಡು ಬಂದರು. 2011ರಲ್ಲಿ ಮಟ್ಟುಗುಳ್ಳಕ್ಕೆ, ಇದು ಆ ಊರಿನದೇ ಬೆಳೆ ಎಂದು ಗುರುತಿಸುವ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಶಿರಸಿಯ ವನಸ್ತ್ರೀ ಬಳಗದ ಮಹಿಳೆಯರು ಹಲವು ವರ್ಷಗಳಿಂದ ಹಿತ್ತಲಿನ ಬೀಜಗಳನ್ನು ಕೂಡಿಸಿ ಹಂಚುತ್ತಿದ್ದಾರೆ. ಕಾನೂನೂ ನಮ್ಮ ಪರವಾಗಿದೆ. ಬೆಳೆದ ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ಬೇರೆಯವರಿಗೆ ಕೊಡುವ ರೈತರ ಹಕ್ಕನ್ನು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001 ಒಪ್ಪಿಕೊಂಡಿದೆ. ಆದರೆ ಅಂಗಡಿಯಲ್ಲಿ ಉಳಿಸಲಾಗದ ಬೀಜವೇ ಸಿಗುವುದಾದರೆ ಆ ಹಕ್ಕನ್ನು ಇಟ್ಟುಕೊಂಡು ನಾವು ಮಾಡುವುದೇನು?

ತೋಟಗಾರಿಕೆ ಇಲಾಖೆಯವರಲ್ಲಿ ನನ್ನ ಬೇಡಿಕೆ ಹೆಚ್ಚಿನದೇನಲ್ಲ. ಸಹಾಯಧನ ಬೇಡ, ಬೀಜವನ್ನು ಪುಕ್ಕಟೆ ಕೊಡುವುದೂ ಬೇಡ. ಮೇ ಕೊನೆಗೆ ರೋಹಿಣಿ ಮಳೆ ಹಿಡಿಯುವ ಮೊದಲು ಪ್ರತಿ ತಾಲೂಕು ಕಚೇರಿಯಲ್ಲಿ ಹತ್ತಿಪ್ಪತ್ತು ಬೀಜದ ಸಣ್ಣ ಪೊಟ್ಟಣಗಳು ಕ್ರಯಕ್ಕೆ ಸಿಗಲಿ. ಮಳೆ ಹಿಡಿದು ತಿಂಗಳಾದ ಮೇಲೆ ಬಂದರೆ ಪ್ರಯೋಜನವಿಲ್ಲ. ಎಲ್ಲ ಕಂಪನಿಗಳ ಪೊಟ್ಟಣದ ಮೇಲೂ ಇದು ಹೈಬ್ರಿಡ್ಡೋ, ಬೀಜಕ್ಕೆ ಬಿಡಬಹುದಾದ ತಳಿಯೋ ಎಂಬುದು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಇರಲಿ. ಬಿಸಿಯೂಟಕ್ಕೆ ತರಕಾರಿ ಬೆಳೆಯುವ ಶಾಲೆಗಳಲ್ಲಿ ಮಕ್ಕಳು ಮನೆಯಿಂದ ಬೀಜ ತಂದು ಬದಲಾಯಿಸಿಕೊಳ್ಳಲು ಒಂದು ದಿನ ಇಟ್ಟುಕೊಂಡರೆ ಅದಕ್ಕೆ ಖರ್ಚೂ ಇಲ್ಲ.

ನಿಮ್ಮಲ್ಲಿಯೂ ಒಂದು ವಿನಂತಿ. ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಪತ್ರಿಕೆಯ ಒಂದು ಮೂಲೆಯನ್ನು ಬೀಜ ಇರುವವರಿಗೆ ಮತ್ತು ಬೇಕಾದವರಿಗೆ ಬಿಟ್ಟುಕೊಡಿ. ನನ್ನ ಹತ್ತಿರ ಕೆಂಪು ಹರಿವೆ, ಮೊಳದುದ್ದದ ಅಲಸಂದೆ, ಮುಳ್ಳಿಲ್ಲದ ಬದನೆಯ ಬೀಜ ಇವೆ. ಅಂಚೆ ಲಕೋಟೆ ಕಳಿಸಿದವರಿಗೆ ಕೊಡುತ್ತೇನೆ. ನಮ್ಮ ಮನೆಯಲ್ಲಿ ಕೈತಪ್ಪಿ ಹೋದದ್ದು ಮೈಮೇಲೆ ಬಿಳಿ ಗೆರೆಗಳಿರುವ ಮೊಗೆಕಾಯಿ, ಯುಗಾದಿಯವರೆಗೂ ಅಟ್ಟದಲ್ಲಿ ಕೆಡದೆ ಇರುತ್ತಿದ್ದ ತಳಿ. ಓದುಗರಲ್ಲಿ ಯಾರ ಮನೆಯಲ್ಲಾದರೂ ಅದರ ಬೀಜ ಇದ್ದರೆ ದಯವಿಟ್ಟು ತಿಳಿಸಬೇಕು.

ಇತಿ ನಿಮ್ಮ ಓದುಗರಲ್ಲೊಬ್ಬಳು,
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ