"ಏನಿಲ್ಲ, ಎಲ್ಲಾ ಮಾಮೂಲಿ" ಅಂದಿದ್ದೆನಲ್ಲ, ಗೆಳೆಯಾ...

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಊಟ ಆಯ್ತಾ?

ಮೊನ್ನೆ ರಾತ್ರಿ ಫೋನಿನಲ್ಲಿ ನೀನು "ಏನು ವಿಶೇಷ?" ಅಂತ ಕೇಳಿದೆ. ನಾನು "ಏನಿಲ್ಲ, ಎಲ್ಲಾ ಮಾಮೂಲಿ" ಅಂದೆ. ನೀನೂ "ಇಲ್ಲೂ ಹಾಗೇ ಕಣೋ" ಅಂದೆ. ಎರಡು ನಿಮಿಷಕ್ಕೆ ಮಾತು ಮುಗಿದುಹೋಯಿತು. ಫೋನ್ ಇಟ್ಟ ಮೇಲೆ ತುಂಬ ಹೊತ್ತು ನಿದ್ದೆ ಬರಲಿಲ್ಲ. ಒಂದೇ ಕೋಣೆಯಲ್ಲಿದ್ದಾಗ ನಮಗೆ ಎಷ್ಟೊಂದು ಮಾತಿತ್ತು! ಹಾಲು ಉಕ್ಕಿದರೂ ಮಾತು, ಸಾಕ್ಸ್ ಒಂಟಿಯಾದರೂ ಮಾತು. ಈಗ ಕೆಲಸ ಬದಲಾದರೆ, ಯಾರಿಗಾದರೂ ಹುಷಾರಿಲ್ಲದಿದ್ದರೆ ಮಾತ್ರ ಅದು ಸುದ್ದಿ. ಉಳಿದದ್ದಕ್ಕೆಲ್ಲ ಮಾಮೂಲಿ ಅನ್ನೋ ಒಂದೇ ಪದ. ಅದಕ್ಕೇ ಇವತ್ತು ಆ ಮಾಮೂಲಿಯನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಇಲ್ಲಿ ಆರು ದಿನದಿಂದ ಮಳೆ ಬಿಟ್ಟಿಲ್ಲ. ಜೋರು ಮಳೆಯೇನಲ್ಲ, ಜಿಟಿಜಿಟಿ. ಮೊದಲ ದಿನ ಮಾತ್ರ ಮಣ್ಣಿನ ವಾಸನೆ ಚೆನ್ನಾಗಿ ಬಂತು. ಬಂದ ಕೂಡಲೇ ನಿನ್ನ ನೆನಪಾಯಿತು. ಎಂಥ ಕೆಲಸವಿದ್ದರೂ ಬಿಟ್ಟು ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಿದ್ದೆ ನೀನು. ಆ ವಾಸನೆಗೆ 'ಪೆಟ್ರಿಕೋರ್' ಅಂತ ಹೆಸರಿದೆ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು ಇಟ್ಟ ಹೆಸರು. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಅನ್ನೋ ವಸ್ತು ಅದರಲ್ಲಿ ಸೇರಿದೆ. ನಮ್ಮ ಮೂಗು ಅದನ್ನು ಒಂದು ಚೂರೇ ಚೂರು ಇದ್ದರೂ ಹಿಡಿಯುತ್ತದಂತೆ. ನೀನಂತೂ ಮೊದಲ ಹನಿ ಬೀಳುವ ಮುಂಚೆಯೇ ಹಿಡಿಯುತ್ತಿದ್ದೆ.

ಎರಡನೇ ದಿನದಿಂದ ಶುರುವಾಯಿತು ನೋಡು ಬಟ್ಟೆಯ ಕಷ್ಟ. ಮನೆಯೊಳಗೇ ಹಗ್ಗ ಕಟ್ಟಿ ಒಣಹಾಕಿದೆ. ಮಳೆ ಒಳಗೆ ಬರಬಾರದು ಅಂತ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದೆ. ಎರಡು ದಿನವಾದರೂ ಟವೆಲ್ ಹಸಿಹಸಿ, ಮೇಲೆ ಆ ಮುಗ್ಗಲು ವಾಸನೆ. ಮತ್ತೆ ಒಗೆದೆ, ಮತ್ತೆ ಅದೇ ವಾಸನೆ. ಬೇಜಾರಾಗಿ ಗಾಳಿಯ ತೇವಾಂಶ ತೋರಿಸುವ ಪುಟ್ಟ ಮೀಟರ್ ಒಂದನ್ನು ತಂದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಹಗ್ಗದ ಹತ್ತಿರ ಇಟ್ಟರೆ ಶೇಕಡಾ 86 ತೋರಿಸಿತು! ಗಾಳಿಯೇ ಅಷ್ಟು ನೀರು ಕುಡಿದು ಕೂತಿದ್ದರೆ ಟವೆಲ್ಲಿನ ನೀರು ಹೋಗುವುದಾದರೂ ಎಲ್ಲಿಗೆ?

ಆಮೇಲೆ ಒಂದು ವಿಷಯ ತಿಳಿದುಕೊಂಡೆ. ನಿನಗೂ ಉಪಯೋಗಕ್ಕೆ ಬರುತ್ತೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಚ್ಚಗಿನ ಗಾಳಿಯಲ್ಲಿ ನೀರಿನ ಆವಿ ಜಾಸ್ತಿ ಇರಬಲ್ಲದು, ತಣ್ಣನೆಯ ಗಾಳಿಯಲ್ಲಿ ಕಡಿಮೆ. ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಆವಿ ಹಿಡಿದರೆ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಅಂದರೆ ಹೊರಗೆ ಮಳೆ ಬರುತ್ತಿದ್ದರೂ, ಅಲ್ಲಿ ಒಳಗಿಗಿಂತ ತಣ್ಣಗಿದ್ದರೆ, ಆ ಗಾಳಿಯಲ್ಲಿರುವ ನೀರು ಮುಚ್ಚಿದ ಕೋಣೆಯ ಗಾಳಿಗಿಂತ ಕಡಿಮೆಯೇ ಇರಬಹುದು. ಒಳಗೆ ಬಂದು ಬೆಚ್ಚಗಾದ ಮೇಲೆ ಅದು ಬಟ್ಟೆಯ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗೆ ಹೆದರಿ ಕಿಟಕಿ ಮುಚ್ಚಿದ್ದೇ ನನ್ನ ತಪ್ಪು! ಎರಚಲು ಬೀಳದ ಕಡೆಯ ಕಿಟಕಿ ನಾಲ್ಕು ಬೆರಳು ತೆರೆದೆ. ಫ್ಯಾನಿನ ಗಾಳಿ ಬಟ್ಟೆಗಳ ಸಂದಿಯಲ್ಲಿ ಹಾಯುವ ಹಾಗೆ ಒಂದೊಂದನ್ನೂ ದೂರ ದೂರ ಹಾಕಿದೆ. ಸಂಜೆಗೆ ಮೀಟರ್ 70ಕ್ಕೆ ಇಳಿಯಿತು. ಮರುದಿನ ಬೆಳಿಗ್ಗೆ ಟವೆಲ್ ಗರಿಗರಿ. ಮುಖಕ್ಕೆ ಒತ್ತಿಕೊಂಡಾಗ ಎಷ್ಟು ಖುಷಿಯಾಯಿತು ಗೊತ್ತಾ? ಆಗಲೇ ನಿನಗೆ ಫೋನ್ ಮಾಡೋಣ ಅನ್ನಿಸಿತ್ತು. ಟವೆಲ್ ಒಣಗಿತು ಅಂತ ಯಾರಾದರೂ ಫೋನ್ ಮಾಡುತ್ತಾರಾ ಅಂದುಕೊಂಡು ಸುಮ್ನಾದೆ. ಮಾಡಬೇಕಿತ್ತು.

ಹಾಂ, ಮಷೀನಿನಲ್ಲಿ ಇನ್ನೊಂದು ಸಲ ಸ್ಪಿನ್ ಹಾಕಿ ತೆಗೆದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ. ನೀರನ್ನು ಆವಿ ಮಾಡಿ ಕಳಿಸುವುದಕ್ಕಿಂತ ತಿರುಗಿಸಿ ಹಿಂಡುವುದು ಎಷ್ಟೋ ಸುಲಭ.

ಮಾಲಿನೋವ್‌ಸ್ಕಿ ಅನ್ನೋ ಮಾನವಶಾಸ್ತ್ರಜ್ಞರು 1923ರಲ್ಲಿ ಇಂಥ ಮಾಮೂಲಿ ಮಾತುಗಳ ಬಗ್ಗೆ ಬರೆದಿದ್ದಾರೆ. ಮಳೆ, ಬಿಸಿಲು, ಕ್ಷೇಮ ಸಮಾಚಾರ ಅಂತ ಜನ ಆಡುವ ಮಾತು ವಿಷಯ ತಿಳಿಸುವುದಕ್ಕಲ್ಲ, ಒಬ್ಬರಿಗೊಬ್ಬರು ಹತ್ತಿರವಾಗುವುದಕ್ಕೆ ಅಂತ. ಹತ್ತಿರವಾಗುತ್ತೇವೆ, ನಿಜ. ಆದರೆ ವಿಷಯ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿನ್ನ ಮನೆಯಲ್ಲಿ ಈ ವಾರ ಏನು ಬೆಂದಿತು, ಏನು ಕೆಟ್ಟಿತು ಅಂತ ಗೊತ್ತಾದರೆ ನೀನು ಹೇಗಿದ್ದೀಯ ಅಂತ ನನಗೆ ನಿಜವಾಗಿ ಗೊತ್ತಾಗುತ್ತೆ. "ಚೆನ್ನಾಗಿದ್ದೀನಿ" ಅನ್ನೋದರಿಂದ ಅಷ್ಟು ಗೊತ್ತಾಗಲ್ಲ, ಅಲ್ವಾ?

ಅಡುಗೆಮನೆಗೆ ಹೊಸದಾಗಿ ಇಂಡಕ್ಷನ್ ಒಲೆ ಬಂದಿದೆ. ತುಂಬ ಇಷ್ಟವಾಗಿದೆ. ಗಾಜಿನ ಕೆಳಗಿರುವ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಅದರ ಕಾಂತಶಕ್ತಿಯಿಂದ ಪಾತ್ರೆಯ ತಳವೇ ಕಾಯುತ್ತದೆ, ಒಲೆಯಲ್ಲ. ಹಾಗಾಗಿ ಹಾಲು ಉಕ್ಕಿ ಬರುವಾಗ ಗುಂಡಿ ಒತ್ತಿದರೆ ಸಾಕು, ತಕ್ಷಣ ತಗ್ಗುತ್ತದೆ. ಈ ತಿಂಗಳಲ್ಲಿ ಒಂದು ಸಲವೂ ಉಕ್ಕಿಲ್ಲ!

ಆದರೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು. ಫ್ರಿಜ್ ಬಾಗಿಲಿನ ಮೇಲಿದ್ದ ಅಯಸ್ಕಾಂತ ತೆಗೆದು ಒಂದೊಂದಕ್ಕೂ ಹಿಡಿದು ನೋಡುತ್ತಾ ಕೂತೆ. ಎರಡು ಸ್ಟೀಲ್ ಪಾತ್ರೆಗಳೂ ಅಂಟಲಿಲ್ಲ. ಕೊನೆಗೆ ನಮ್ಮ ಆ ಅಲ್ಯೂಮಿನಿಯಂ ಪಾತ್ರೆ ಕೈಗೆ ಬಂತು. ನೆನಪಿದೆಯಾ? ನಾವಿಬ್ಬರೂ ಮೊದಲು ಅಡುಗೆ ಕಲಿತದ್ದು ಅದರಲ್ಲೇ. ಒಂದು ಬದಿ ನಗ್ಗಿದೆ, ನಿನ್ನ ಕೈಯಿಂದ ಬಿದ್ದು. ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟುವುದಿಲ್ಲ ಅಂತ ಗೊತ್ತಿದ್ದೂ ಮೂರು ಸಲ ಹಿಡಿದು ನೋಡಿದೆ. ಬೇಡದ ಪಾತ್ರೆಗಳನ್ನು ಯಾರಿಗೋ ಕೊಟ್ಟೆ. ಅದನ್ನು ಕೊಡಲಿಲ್ಲ. ಅದಕ್ಕೋಸ್ಕರವೇ ಹಳೆಯ ಗ್ಯಾಸ್ ಒಲೆಯನ್ನೂ ಮೂಲೆಯಲ್ಲಿ ಉಳಿಸಿಕೊಂಡಿದ್ದೇನೆ. ಭಾನುವಾರ ಮಾತ್ರ ಅದರಲ್ಲಿ ಅಡುಗೆ.

ಕುಕ್ಕರ್ ಕೂಡ ಹೋದ ವಾರ ಸತಾಯಿಸಿತು. ಎಷ್ಟು ಹೊತ್ತಾದರೂ ಕೂಗಲೇ ಇಲ್ಲ, ಪಕ್ಕದಿಂದ ಬುಸ್ ಅಂತ ಆವಿ. ಬೇಳೆ ಅರೆಬೆಂದಿತ್ತು. ಮುಚ್ಚಳದ ರಬ್ಬರ್ ಬಿರುಸಾಗಿ ಹೋಗಿತ್ತು. ಆವಿ ಒಳಗೇ ನಿಂತರೆ ತಾನೇ ನೀರು 120 ಡಿಗ್ರಿ ಹತ್ತಿರ ಕಾಯುವುದು? ಸೋರಿದರೆ 100ಕ್ಕೇ ನಿಲ್ಲುತ್ತೆ, ಬೇಳೆ ಬೇಯುವುದಕ್ಕೆ ಹೊತ್ತು ಹಿಡಿಯುತ್ತೆ. ಹೊಸ ರಬ್ಬರ್ ಹಾಕಿದ ಮೇಲೆ ಸರಿಹೋಯಿತು. ನಿನ್ನದನ್ನೂ ಒಮ್ಮೆ ಬಗ್ಗಿಸಿ ನೋಡು. ಬಿರುಕು ಕಂಡರೆ ಬದಲಿಸಿಬಿಡು.

ನಿನ್ನ ಕಡೆಯದನ್ನೂ ಬರಿ. ನೆಲ ಗುಡಿಸುವ ರೋಬೋಟ್ ತರಿಸಿದೆಯಂತಲ್ಲ, ಮಂಚದ ಕೆಳಗೆ ಹೋಗುತ್ತಾ? ಕೂದಲು ಸುತ್ತಿಕೊಂಡರೆ ಬ್ರಷ್ ಬಿಚ್ಚಿ ತೆಗೆಯೋದು ಸುಲಭವಾ? ಅಲ್ಲಿ ರಾತ್ರಿ ಹೊತ್ತು ಸೆಕೆ ಕಡಿಮೆಯಾಯಿತಾ? ಈಗಲೂ ತಡವಾಗಿಯೇ ಊಟ ಮಾಡುತ್ತೀಯಾ? ಅಮ್ಮನನ್ನು ಕೇಳಿದೆ ಅಂತ ಹೇಳು.

ಭಾನುವಾರ ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ಫೋನ್ ಮಾಡುತ್ತೇನೆ. ಸ್ಪೀಕರ್ ಹಾಕಿ ಸಿಂಕಿನ ಪಕ್ಕ ಇಟ್ಟುಕೋ. ನೀನೂ ತೊಳಿ, ನಾನೂ ತೊಳೆಯುತ್ತೇನೆ.

ನಿನ್ನ,
ಹಳೆಯ ಕೋಣೆಯ ಗೆಳೆಯ