ಕಲ್ಲು ಅದ್ದಿದ ನೀರು

ಎಡಿನ್‌ಬರೋ, ಸ್ಕಾಟ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ,

ಗೌರಿ ಕರು ಹಾಕಿದ ಮೇಲೆ ಹಾಲು ಕಮ್ಮಿಯಾಗಿದ್ದು, ಅಜ್ಜಿ ಅದಕ್ಕೆ ದೃಷ್ಟಿ ತೆಗೆದಿದ್ದು, ಎಲ್ಲಾ ತಮ್ಮ ಫೋನಲ್ಲಿ ಹೇಳಿ ನಕ್ಕಿದ್ದೇ ನಕ್ಕಿದ್ದು. ಅವನನ್ನೂ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದು.

ಇವತ್ತು ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ರೂಮಲ್ಲಿ ಸುಮ್ನೆ ಕೂರಲಾಗದೆ ಚೇಂಬರ್ಸ್ ಸ್ಟ್ರೀಟ್‌ನ ನ್ಯಾಷನಲ್ ಮ್ಯೂಸಿಯಂಗೆ ಹೋದೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಅಲ್ಲಿ ಒಂದು ಚಕಮಕಿ ಕಲ್ಲಿನ ಬಾಣದ ಮೊನೆ ನೋಡಿದೆ. ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಂಚೆಲ್ಲ ಗರಗಸದ ಹಾಗೆ ಸಣ್ಣಗೆ ಚಕ್ಕೆ ಎದ್ದಿದೆ. ಸುತ್ತ ಬೆಳ್ಳಿ ಕಟ್ಟು, ಮೇಲೊಂದು ಕೊಂಡಿ. ಥೇಟ್ ನಮ್ಮ ತಾಯಿತ!

ಸಾವಿರಾರು ವರ್ಷ ಹಿಂದೆ ಬೇಟೆಗಾರರು ಮಾಡಿದ್ದ ಇಂಥ ಮೊನೆಗಳು ಇಲ್ಲಿನ ರೈತರಿಗೆ ಉಳುವಾಗ ಸಿಗುತ್ತಿದ್ದವು. ಅವರು ಇದನ್ನು ಎಲ್ಫ್‌ಗಳ ಬಾಣ ಅಂದುಕೊಂಡರು. ಎಲ್ಫ್ ಅಂದರೆ ಕಣ್ಣಿಗೆ ಕಾಣದ ಕುಳ್ಳ ಯಕ್ಷರು ಅಂತಿಟ್ಟುಕೋ. ಹಸು ಇದ್ದಕ್ಕಿದ್ದಂತೆ ಮಂಕಾದರೆ, ಹಾಲು ಬತ್ತಿದರೆ, ಅವರೇ ಬಾಣ ಬಿಟ್ಟಿದ್ದಾರೆ ಅಂತ ಅರ್ಥ. ಮದ್ದೂ ಅದೇ ಬಾಣ: ನೀರಿಗೆ ಅದ್ದಿ, ಆ ನೀರನ್ನು ಹಸುವಿಗೆ ಕುಡಿಸುವುದು. 1662ರಲ್ಲಿ ಮಾಟಗಾತಿ ಅಂತ ಸಿಕ್ಕಿಬಿದ್ದ ಇಸೊಬೆಲ್ ಗೌಡಿ ಎಂಬವಳು, ಸೈತಾನನೇ ಈ ಬಾಣ ಕೆತ್ತುವುದನ್ನು ಕಂಡೆ ಅಂದಿದ್ದಳಂತೆ. ಹೆಸರು ಕೇಳಿದರೆ ನಮ್ಮ ಕಡೆಯವಳೇ ಅನ್ನಿಸುತ್ತೆ, ಅಲ್ವಾ?

ದೊಡ್ಡ ಮನೆತನದವರ ಹತ್ತಿರ ಬಾಣದ ಬದಲು ರಕ್ಷೆಯಾಗಿ ಸ್ಫಟಿಕ ಇರುತ್ತಿತ್ತು. ಗ್ಲೆನಾರ್ಕಿಯ ಕ್ಯಾಂಪ್‌ಬೆಲ್ ಮನೆಯದಕ್ಕೂ ಬೆಳ್ಳಿ ಕಟ್ಟು ಇದೆ. 1640ರ ಅವರ ಮನೆ ಸಾಮಾನಿನ ಪಟ್ಟಿಯಲ್ಲಿ 'ಅರ್ಧ ಕೋಳಿಮೊಟ್ಟೆಯಷ್ಟು' ಅಂತ ಅಳತೆ ಬರೆದಿದ್ದಾರೆ. ಹಿರೀಕ ಯುದ್ಧಕ್ಕೆ ಹೋದಾಗ ಅದನ್ನು ಧರಿಸಿದ್ದನಂತೆ. ನನಗೇನೋ ಆ ಬಾಣವೇ ಜಾಸ್ತಿ ಹಿಡಿಸಿತು.

ಅಜ್ಜಿಗೆ ಇನ್ನೊಂದು. ಇಲ್ಲಿನ ಪಶ್ಚಿಮದ ದ್ವೀಪಗಳಲ್ಲಿ ಹೆರಿಗೆ ನೋವು ಬಂದಾಗ ಹೆಂಗಸರು ಕೈಯಲ್ಲಿ ಒಂದು ಕಂದು ಬೀಜ ಹಿಡಿದುಕೊಳ್ಳುತ್ತಿದ್ದರು. ಅಮೆರಿಕದ ಬಿಸಿ ಸೀಮೆಯಿಂದ ಸಮುದ್ರದಲ್ಲಿ ತೇಲಿಕೊಂಡೇ ಬಂದು ದಡ ಸೇರುವ ಬೀಜ!

ಗೌರಿ ಈಗ ಹೇಗಿದೆ? ಡಾಕ್ಟರನ್ನೂ ಕರೆಸಿ, ಅಜ್ಜಿ ಬೈದರೂ ಸರಿ.

ಇಲ್ಲಿಂದ ಮುಂದೆ ಅಜ್ಜಿಗೆ ಓದಬೇಡ. ಹೊರಡುವಾಗ ಅವಳು ಕಟ್ಟಿದ್ದ ಕರಿದಾರ ಮೊನ್ನೆ ಸ್ನಾನ ಮಾಡುವಾಗ ಕಿತ್ತುಹೋಯಿತು. ಸಾರಿನ ಪುಡಿ ಕಳಿಸುವಾಗ ಜೊತೆಗೆ ಒಂದು ದಾರ ಹಾಕಿಬಿಡು.

ನಿನ್ನ ಮಗಳು